ಸೆಲ್ಲಿಗಿಂತ ಮೊದಲು ಚಾರ್ಜರ್ ನೋಡಿ

ಪ್ರಶ್ನೆ: ಮೊಮ್ಮಗನ ಆಟದ ಕಾರಿಗೆ ಮೂರು ಪೆನ್ಸಿಲ್ ಸೆಲ್ ಬೇಕು, ನನ್ನ ಬಿಪಿ ಮಷಿನ್‌ಗೆ ನಾಲ್ಕು. ಪದೇ ಪದೇ ಕೊಳ್ಳುವುದು ಬೇಡವೆಂದು 3600 ಎಂಎಎಚ್ ಎಂದು ಬರೆದಿದ್ದ ರೀಚಾರ್ಜ್ ಸೆಲ್ಲುಗಳನ್ನು ಚಾರ್ಜರ್ ಸಮೇತ ತರಿಸಿದೆ. ಕೆಲವೇ ತಿಂಗಳಲ್ಲಿ ಸೊರಗಿವೆ. ಇನ್ನೂ ದೊಡ್ಡ ನಂಬರಿನದು ಕೊಳ್ಳಲೇ?
– ಓದುಗರೊಬ್ಬರು, ಸಾಗರ

ಉತ್ತರ: ಬೇಡ. ಆ 3600 ಅನ್ನು ಮರೆತುಬಿಡಿ. ಎಂಎಎಚ್ ಎಂದರೆ ಸೆಲ್ಲಿನಲ್ಲಿ ಎಷ್ಟು ಚಾರ್ಜ್ ಹಿಡಿಸುತ್ತದೆ ಎಂಬ ಲೆಕ್ಕ. ಎಎ ಗಾತ್ರದ, ಅಂದರೆ ಪೆನ್ಸಿಲ್ ಸೆಲ್ಲಿನ ಅಳತೆಯ, ನಿಕ್ಕಲ್ ಮೆಟಲ್ ಹೈಡ್ರೈಡ್ ಎಂಬ ಮಾಮೂಲಿ ರೀಚಾರ್ಜ್ ಸೆಲ್ಲಿನಲ್ಲಿ ಅಷ್ಟು ಹಿಡಿಸುವುದೇ ಇಲ್ಲ. ಒಳ್ಳೆಯ ಕಂಪನಿಗಳೇ 2500, 2700ರ ಆಸುಪಾಸಿಗೆ ನಿಲ್ಲುತ್ತವೆ. ಅಡುಗೆಮನೆಯಲ್ಲಿ ಗ್ರಾಂ ತೋರಿಸುವ ತಕ್ಕಡಿ ಇದ್ದರೆ ತೂಗಿ ನೋಡಿ. ಅಸಲಿ 2000ದ ಸೆಲ್ ಸುಮಾರು 26 ಗ್ರಾಂ ಇರುತ್ತದೆ. ನಿಮ್ಮದು 18 ಬಂದರೆ ದುಡ್ಡು ಹೋಗಿದ್ದು ಲೇಬಲ್ಲಿಗೆ ಅಂತ ಅರ್ಥ.

ರೇಡಿಯೋ ರಿಪೇರಿ ಮಾಡಿಕೊಂಡೇ ತಲೆ ನರೆತವನು ನಾನು. ನನ್ನ ಮನೆಗೆ ತರುವುದು 2000ದ ಸೆಲ್ಲನ್ನೇ. ಪ್ಯಾಕೆಟ್ ಮೇಲೆ ‘ಲೋ ಸೆಲ್ಫ್ ಡಿಸ್ಚಾರ್ಜ್’ ಅಥವಾ ‘ಪ್ರೀ ಚಾರ್ಜ್ಡ್’ ಎಂದಿರಬೇಕು. ಹಳೆಯ ಬಗೆಯವು ಡ್ರಾಯರಿನಲ್ಲಿ ಸುಮ್ನೆ ಕೂತೇ ಒಂದೆರಡು ತಿಂಗಳಲ್ಲಿ ಅರ್ಧ ಖಾಲಿಯಾಗುತ್ತಿದ್ದವು. 2005ರಲ್ಲಿ ಸಾನ್ಯೊ ಕಂಪನಿ ಎನೆಲೂಪ್ ಎಂಬ ಸೆಲ್ ತಂದ ಮೇಲೆ ಆ ಕಾಟ ತಪ್ಪಿತು. ಈಗ ಅದು ಪ್ಯಾನಸೋನಿಕ್ ಕೈಯಲ್ಲಿದೆ, ಬೇರೆ ಕಂಪನಿಗಳೂ ಇದೇ ಬಗೆಯದನ್ನು ಮಾಡುತ್ತವೆ. ವಾರಕ್ಕೊಮ್ಮೆ ತೆಗೆಯುವ ಬಿಪಿ ಮಷಿನ್‌ಗೆ ಇದೇ ಸರಿ.

ಆದರೆ ನನ್ನ ಅನುಮಾನ ಸೆಲ್ಲಿಗಿಂತ ನಿಮ್ಮ ಚಾರ್ಜರ್ ಮೇಲೇ ಜಾಸ್ತಿ. ಜೊತೆಗೆ ಬರುವ ಅಗ್ಗದ ಚಾರ್ಜರ್‌ಗಳು ಹೆಚ್ಚಾಗಿ ಎರಡೆರಡು ಸೆಲ್ಲನ್ನು ಒಟ್ಟಿಗೆ ಚಾರ್ಜ್ ಮಾಡುತ್ತವೆ. ನಿಮ್ಮ ಕಾರಿಗೆ ಬೇಕಾದದ್ದು ಮೂರು! ಮೂರನೆಯದಕ್ಕೆ ಜೋಡಿಯಾಗಿ ಬಿಪಿ ಮಷಿನ್‌ನಿಂದ ಒಂದು ಕಿತ್ತು ಹಾಕಿರುತ್ತೀರಿ, ಅಲ್ವಾ? ಒಂದು ಪೂರ್ತಿ ಖಾಲಿ, ಇನ್ನೊಂದು ಮುಕ್ಕಾಲು ತುಂಬಿದ್ದು. ತುಂಬಿದ್ದು ಬಿಸಿಯಾಗುತ್ತಲೇ ಇರುತ್ತದೆ, ಖಾಲಿಯದು ಅರೆಹೊಟ್ಟೆಯಲ್ಲೇ ಹೊರಬರುತ್ತದೆ. ಅದರ ಮೇಲೆ, ಎಷ್ಟೋ ಚಾರ್ಜರ್‌ಗಳಿಗೆ ಯಾವಾಗ ನಿಲ್ಲಿಸಬೇಕೆಂದೇ ಗೊತ್ತಿಲ್ಲ. ರಾತ್ರಿ ಹಾಕಿ ಬೆಳಗ್ಗೆ ಮರೆತರೆ ಸೆಲ್ಲಿನ ಆಯಸ್ಸು ಅಲ್ಲೇ ಕರಗುತ್ತದೆ.

ಕೊಳ್ಳುವಾಗ ಹೀಗೆ ನೋಡಿ: ಚಾರ್ಜರಿನಲ್ಲಿ ಸೆಲ್ ಕೂರುವ ಪ್ರತಿ ಮನೆಗೂ ಬೇರೆ ದೀಪ ಇರಬೇಕು, ಒಂದೇ ಸೆಲ್ ಹಾಕಿದರೂ ಚಾರ್ಜ್ ಆಗಬೇಕು. ಸೆಲ್ ತುಂಬಿದಾಗ ಅದರ ವೋಲ್ಟೇಜು ಕೆಲವೇ ಮಿಲಿವೋಲ್ಟ್ ಕೆಳಗಿಳಿಯುತ್ತದೆ. ಸ್ಮಾರ್ಟ್ ಚಾರ್ಜರ್ ಅದನ್ನು ಹಿಡಿದು ತಾನೇ ನಿಲ್ಲಿಸುತ್ತದೆ. ಎಎ ಸೆಲ್ಲಿಗೆ 500 ಮಿಲಿಆಂಪ್ ಸಾಕು, ನಾಲ್ಕೈದು ಗಂಟೆಯಲ್ಲಿ ತುಂಬುತ್ತದೆ. ಹದಿನೈದು ನಿಮಿಷದಲ್ಲಿ ಮುಗಿಸುತ್ತೇನೆ ಎನ್ನುವ ಚಾರ್ಜರಿನ ಹತ್ತಿರ ಹೋಗಬೇಡಿ. ಚಾರ್ಜರಿಗೆ ಸೆಲ್ಲಿಗಿಂತ ಜಾಸ್ತಿ ದುಡ್ಡು ಹೋದರೂ ಚಿಂತೆಯಿಲ್ಲ.

ಕಾರಿನ ಮೂರಕ್ಕೆ ಮಾರ್ಕರಿನಲ್ಲಿ ‘ಕ’ ಎಂದು ಬರೆದಿಡಿ, ಬಿಪಿ ಮಷಿನ್ನಿನ ನಾಲ್ಕಕ್ಕೆ ‘ಬಿ’. ಬೆರಕೆ ಮಾಡಬೇಡಿ. ಗೋಡೆ ಗಡಿಯಾರಕ್ಕೂ ಟಿವಿ ರಿಮೋಟಿಗೂ ಇವು ದಂಡ. ಅವು ಕುಡಿಯುವ ಕರೆಂಟು ಅಷ್ಟು ಕಮ್ಮಿ, ಮಾಮೂಲಿ ಸೆಲ್ಲೇ ವರ್ಷ ಬರುತ್ತದೆ.

ಪ್ರಶ್ನೆ: ಯುಎಸ್‌ಬಿ ವೈರಿನಲ್ಲೇ ಚಾರ್ಜ್ ಆಗುವ 1.5 ವೋಲ್ಟಿನ ಲಿಥಿಯಂ ಪೆನ್ಸಿಲ್ ಸೆಲ್ ಹಾಕಿದ ಮೇಲೆ ನನ್ನ ರೇಡಿಯೋದಲ್ಲಿ ಧಾರವಾಡ ಆಕಾಶವಾಣಿ ಗೊರಗೊರ ಎನ್ನುತ್ತಿದೆ. ರೇಡಿಯೋ ಕೆಟ್ಟಿತೇ?
– ಓದುಗರೊಬ್ಬರು, ಹಾವೇರಿ

ಉತ್ತರ: ರೇಡಿಯೋ ಚೆನ್ನಾಗಿದ್ದಂತಿದೆ. ಲಿಥಿಯಂ ಅಯಾನ್ ಸೆಲ್ಲಿನ ಸಹಜ ವೋಲ್ಟೇಜು ಸುಮಾರು 3.7. ಅದನ್ನು 1.5ಕ್ಕೆ ಇಳಿಸಲು ಸೆಲ್ಲಿನ ಒಳಗೇ ಪುಟ್ಟ ಸರ್ಕ್ಯೂಟು ಕೂರಿಸಿರುತ್ತಾರೆ. ಅದು ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಆನ್ ಆಫ್ ಆಗುತ್ತದೆ, ಆ ಗಲಾಟೆಯೇ ಮೀಡಿಯಂ ವೇವ್‌ನಲ್ಲಿ ಕೇಳಿಸುತ್ತದೆ. ಒಮ್ಮೆ ಮಾಮೂಲಿ ಸೆಲ್ ಹಾಕಿ ನೋಡಿ, ಗೊರಗೊರ ನಿಂತರೆ ತಪ್ಪು ಯಾರದೆಂದು ತಿಳಿಯುತ್ತದೆ. ಇನ್ನೊಂದು ತೊಂದರೆಯಿದೆ: ಇವು ಕೊನೆಯವರೆಗೂ 1.5 ತೋರಿಸಿ ಒಮ್ಮೆಲೇ ಕೈಕೊಡುತ್ತವೆ, ಹಾಗಾಗಿ ಸೆಲ್ ಮುಗಿಯುತ್ತಿದೆ ಎಂಬ ಸೂಚನೆ ಸರಿಯಾಗಿ ಸಿಗುವುದಿಲ್ಲ. ರೇಡಿಯೋಗೆ ನಿಕ್ಕಲ್ ಸೆಲ್ಲೇ ಹಾಕಿ. 1.2 ವೋಲ್ಟ್ ಎಂದು ಹೆದರಬೇಡಿ, ಬಹುತೇಕ ಟ್ರಾನ್ಸಿಸ್ಟರ್‌ಗಳು ಅದರಲ್ಲೇ ಹಾಡುತ್ತವೆ. ಆ ಲಿಥಿಯಂ ಸೆಲ್ಲುಗಳನ್ನು ಟಾರ್ಚಿಗೆ ಇಟ್ಟುಕೊಳ್ಳಿ. ನಿಕ್ಕಲ್ ಚಾರ್ಜರಿಗೆ ಮಾತ್ರ ಅವನ್ನು ಹಾಕಲೇಬೇಡಿ, ಅದು ಅಪಾಯ.