ಒಂದನೇ ನಂಬರ್ ಯಾರದು? ಗಿಟಾರ್ ಮೇಷ್ಟ್ರ ಉತ್ತರಗಳು

ಕಳೆದ ಸಲ ತಂತಿ ಬದಲಿಸುವುದು ಹೇಗೆ ಅಂತ ಉದ್ದಕ್ಕೆ ಬರೆದಿದ್ದೆ. ಬಂದ ಪತ್ರಗಳಲ್ಲಿ ತಂತಿಯ ಸುದ್ದಿಯೇ ಇಲ್ಲ. ಎಲ್ಲರದೂ ಒಂದೇ ಜಗಳ.

ಪ್ರಶ್ನೆ: ಮೇಷ್ಟ್ರೇ, ನನಗೂ ನನ್ನ ಅಣ್ಣನಿಗೂ ಎರಡು ವಾರದಿಂದ ಸರಿಯಾಗಿ ಮಾತಿಲ್ಲ. ಜಗತ್ತಿನ ಶ್ರೇಷ್ಠ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಅಂತ ನಾನು. ಎಡ್ಡಿ ವ್ಯಾನ್ ಹ್ಯಾಲೆನ್ ಅಂತ ಅವನು. ಪಟ್ಟಿಗಳೆಲ್ಲ ನನ್ನ ಕಡೆ ಇವೆ. ನೀವು ತೀರ್ಪು ಕೊಡಿ.

ತೀರ್ಪು ಕೊಟ್ಟರೆ ನೀವಿಬ್ಬರೂ ಒಂದಾಗಿ ನನ್ನ ಮೇಲೆ ಬೀಳುತ್ತೀರಿ. ಹಾಗಾದರೂ ಮಾತು ಶುರುವಾಗುತ್ತಲ್ಲ, ಆಗಲಿ.

ನನಗೆ ಹತ್ತೊಂಬತ್ತು ವರ್ಷ ಇದ್ದಾಗ ಗಿಟಾರ್ ಪೆಟ್ಟಿಗೆಯ ಮುಚ್ಚಳದ ಒಳಗಡೆ ಬಾಲ್‌ಪೆನ್ನಿನಲ್ಲಿ ಹತ್ತು ಹೆಸರು ಬರೆದಿದ್ದೆ. ಆ ಪೆಟ್ಟಿಗೆ ಇನ್ನೂ ಇದೆ. ಮೊದಲನೇ ಹೆಸರನ್ನು ಎಷ್ಟು ಸಲ ಹೊಡೆದು ಹಾಕಿದ್ದೇನೆ ಅಂದರೆ ಅಲ್ಲಿ ಬಟ್ಟೆಯೇ ಹರಿದಿದೆ. ಎರಿಕ್ ಕ್ಲಾಪ್ಟನ್ ದೊಡ್ಡವರೋ ಜೆಫ್ ಬೆಕ್ ದೊಡ್ಡವರೋ ಅಂತ ನಾನೂ ಒಬ್ಬ ಗೆಳೆಯನೂ ಒಂದು ತಿಂಗಳು ಮಾತು ಬಿಟ್ಟಿದ್ದೆವು. ಹಾಗಾಗಿ ನಿಮ್ಮ ಎರಡು ವಾರ ನನಗೇನೂ ಜಾಸ್ತಿ ಅನ್ನಿಸಲಿಲ್ಲ.

ಪಟ್ಟಿಗಳು ನಿಮ್ಮ ಕಡೆ ಇವೆ, ನಿಜ. ಅಮೆರಿಕದ ಸಂಗೀತ ಪತ್ರಿಕೆ ರೋಲಿಂಗ್ ಸ್ಟೋನ್ 2003, 2011, 2023ರಲ್ಲಿ ಮೂರು ಸಲ ಪಟ್ಟಿ ಹಾಕಿತು. ಮೂರರಲ್ಲೂ ಹೆಂಡ್ರಿಕ್ಸೇ ಮೊದಲು. ಆದರೆ ನಿಮ್ಮ ಅಣ್ಣನ ಮನುಷ್ಯ ಅದೇ ಪಟ್ಟಿಗಳಲ್ಲಿ ಎಲ್ಲೆಲ್ಲಿ ಇದ್ದರು ನೋಡಿ. 2003ರಲ್ಲಿ 70ನೇ ಜಾಗ. 2011ರಲ್ಲಿ 8. 2023ರಲ್ಲಿ 4. ಮೊದಲ ಎರಡು ಪಟ್ಟಿಗಳ ನಡುವೆ ಅವರ ಬ್ಯಾಂಡಿನಿಂದ ಪೂರ್ತಿ ಹೊಸ ಆಲ್ಬಂ ಒಂದೂ ಬರಲಿಲ್ಲ. ಮನುಷ್ಯ ಸುಮ್ನೆ ಕೂತಿದ್ದಾಗಲೇ 62 ಮೆಟ್ಟಿಲು ಹತ್ತಿಬಿಟ್ಟರು! ಬದಲಾಗಿದ್ದು ಅಳೆಯುವ ಕೈ. 2003ರ ಪಟ್ಟಿ ಒಬ್ಬ ಸಂಪಾದಕರ ಆಯ್ಕೆ. 2011ರಲ್ಲಿ ಗಿಟಾರ್ ನುಡಿಸುವವರೂ ಕೂತು ಮತ ಹಾಕಿದರು. ನುಡಿಸುವವನಿಗೆ ಎಡ್ಡಿ ಏನು ಮಾಡಿದರು ಅಂತ ಬೆರಳಲ್ಲೇ ಗೊತ್ತಿರುತ್ತೆ. ಅವರ ಬ್ಯಾಂಡಿನ 1978ರ ಮೊದಲ ಆಲ್ಬಂನಲ್ಲಿ ಹೆಚ್ಚುಕಡಿಮೆ ಬರೀ ಗಿಟಾರಿನ ಒಂದು ತುಣುಕಿದೆ, ಎರಡು ನಿಮಿಷವೂ ಇಲ್ಲ. ಅದನ್ನು ಕೇಳಿ ಎಷ್ಟೋ ಜನ ಎರಡೂ ಕೈ ಬೆರಳುಗಳಿಂದ ಫ್ರೆಟ್ (ಗಿಟಾರಿನ ಕುತ್ತಿಗೆಯ ಮೇಲಿನ ಅಡ್ಡ ಪಟ್ಟಿ) ಮೇಲೆ ಬಡಿಯುವುದನ್ನು ಕಲಿಯಲು ಕೂತರು. ಆ ತಂತ್ರ ಅದಕ್ಕೂ ಮೊದಲೇ ಇತ್ತು, ಆದರೆ ಅದರಿಂದ ಗಿಟಾರ್ ಹಾಡುವಂತೆ ಮಾಡಿದ್ದು ಅವರು.

ಆದರೂ ನನ್ನ ಮತ ಹೆಂಡ್ರಿಕ್ಸ್‌ಗೆ. ಗಿಟಾರಿಗೆ ಬೆಂಕಿ ಹಚ್ಚಿದ್ದಕ್ಕಲ್ಲ, ಹಲ್ಲಲ್ಲಿ ನುಡಿಸಿದ್ದಕ್ಕೂ ಅಲ್ಲ. ನನ್ನ ಕಾರಣ ಒಂದು ಹೆಬ್ಬೆರಳು. ಅವರು ಎಡಗೈಯವರು. ಬಲಗೈಯವರ ಗಿಟಾರನ್ನು ತಿರುಗಿಸಿ, ತಂತಿಗಳನ್ನು ತಮಗೆ ಬೇಕಾದ ಹಾಗೆ ಹಾಕಿಕೊಂಡು ನುಡಿಸುತ್ತಿದ್ದರು. ಫ್ರೆಟ್ ಒತ್ತುವ ಕೈಯ ಹೆಬ್ಬೆರಳನ್ನು ಗಿಟಾರಿನ ಕುತ್ತಿಗೆಯ ಮೇಲಿಂದ ಬಳಸಿ ತಂದು ದಪ್ಪ ತಂತಿಯನ್ನು ಅದರಲ್ಲೇ ಹಿಡಿಯುತ್ತಿದ್ದರು. ಕೆಳಗಿನ ಸ್ವರದ ಕೆಲಸ ಹೆಬ್ಬೆರಳಿಗೆ ಹೋಯಿತು, ಉಳಿದ ನಾಲ್ಕು ಬೆರಳಿಗೆ ಬಿಡುವು ಸಿಕ್ಕಿತು. ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಹಿಡಿದಿರುವಾಗಲೇ ಅದರ ಸುತ್ತ ಸಣ್ಣ ಸಣ್ಣ ಸ್ವರಗಳು ಉದುರುತ್ತವೆ. ಹಾಡಿಗೆ ಒತ್ತಾಸೆಯಾಗುವ ರಿದಮ್ ಎಲ್ಲಿ ಮುಗಿಯಿತು, ರಾಗ ನುಡಿಸುವ ಲೀಡ್ ಎಲ್ಲಿ ಶುರುವಾಯಿತು ಅಂತ ಗೆರೆ ಎಳೆಯೋಕೆ ಆಗಲ್ಲ. ಅವರು ಹೋದಾಗ 27 ವರ್ಷ. ಬದುಕಿದ್ದಾಗ ಬಂದ ಸ್ಟುಡಿಯೋ ಆಲ್ಬಂ ಮೂರೇ ಮೂರು, ಎಲ್ಲ 1967 ಮತ್ತು 68ರವು. ಇವತ್ತು ರಾತ್ರಿ ಅಣ್ಣನ ಪಕ್ಕ ಕೂತು ಕೇಳಿ. ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಸೋಲೋ ಬಂದಾಗಲ್ಲ, ಅವರು ಹಾಡುತ್ತಿರುವಾಗ ಹಿಂದೆ ಗಿಟಾರ್ ಏನು ಮಾಡ್ತಿದೆ ಅಂತ ಕೇಳಿ.

ನಿಮ್ಮ ಅಣ್ಣನಿಗೊಂದು ಕಥೆ ಹೇಳಿ. ಎಡ್ಡಿಗೂ ಒಬ್ಬ ಅಣ್ಣ, ಅಲೆಕ್ಸ್. ಮೊದಲು ಡ್ರಮ್ಸ್ ಇದ್ದಿದ್ದು ಎಡ್ಡಿ ಹತ್ತಿರ, ಗಿಟಾರ್ ಅಲೆಕ್ಸ್ ಹತ್ತಿರ. ಡ್ರಮ್ಸ್ ಸಾಲ ತೀರಿಸೋಕೆ ಎಡ್ಡಿ ಪೇಪರ್ ಹಾಕಲು ಹೋದಾಗೆಲ್ಲ ಅಲೆಕ್ಸ್ ಅದರ ಮೇಲೆ ಕೂತು ಬಾರಿಸಿ ಬಾರಿಸಿ ತಮ್ಮನಿಗಿಂತ ಮುಂದೆ ಹೋದ. ಹಾಗಾದ್ರೆ ನಿನ್ನ ಗಿಟಾರ್ ನನಗಿರಲಿ ಅಂತ ಎಡ್ಡಿ ಎತ್ತಿಕೊಂಡರು. ನಿಮ್ಮ ಜಗಳದಿಂದ ಇಷ್ಟು ಲಾಭವಾದರೆ ಇನ್ನೂ ಎರಡು ವಾರ ಮುಂದುವರಿಸಿ.

ಪ್ರಶ್ನೆ: ವೇಗವಾಗಿ ನುಡಿಸುವವರೇ ಶ್ರೇಷ್ಠರಲ್ವಾ? ವೇಗವನ್ನಾದರೂ ಅಳೆಯಬಹುದು. ಉಳಿದದ್ದೆಲ್ಲ ಅವರವರ ಇಷ್ಟ.

ಅಳೆಯಬಹುದು ಅನ್ನುವ ಒಂದೇ ಕಾರಣಕ್ಕೆ ಅದನ್ನೇ ಅಳೆಯುವುದು ಬೇಡ. ಒಮ್ಮೆ ವೇದಿಕೆ ಮೇಲೆ ನಾನು ಎಂಟು ತಿಂಗಳು ಬೆವರು ಸುರಿಸಿದ ಒಂದು ಸೋಲೋ ಬಾರಿಸಿದೆ. ಒಂದು ಸ್ವರವೂ ತಪ್ಪಲಿಲ್ಲ. ಇಳಿದು ಬಂದ ಮೇಲೆ ನಮ್ಮ ಡ್ರಮ್ಮರ್, "ಚೆನ್ನಾಗಿತ್ತು ಮಾರಾಯ, ನಡುವೆ ನುಡಿಸಿದೆಯಲ್ಲ, ಅದು ಯಾವ ಹಾಡಿಂದು?" ಅಂದ. ಅದು ನಾವು ನುಡಿಸುತ್ತಿದ್ದ ಹಾಡಿಂದೇ.

ನೀವು ಒಂದು ಕೆಲಸ ಮಾಡಿ. ಎರಡನೇ ತಂತಿ, ಹತ್ತನೇ ಫ್ರೆಟ್. ತೋರುಬೆರಳು ಇಡಿ. ಗಿಟಾರಿನ ಕುತ್ತಿಗೆಯ ಹಿಂದಿರುವ ಹೆಬ್ಬೆರಳನ್ನು ಪೂರ್ತಿ ಬಿಡಿ. ಈಗ ಇಡೀ ಕೈ ಆ ಒಂದು ಬೆರಳಿನ ಮೇಲೆ ನಿಂತಿದೆ. ಸ್ವರ ಹೊಡೆದು, ಸ್ವಲ್ಪ ತಡೆದು, ಮಣಿಕಟ್ಟಿನಿಂದ ಕೈಯನ್ನು ಅಲುಗಿಸಿ. ಬ್ಲೂಸ್ ಗಿಟಾರ್ ವಾದಕ ಬಿ.ಬಿ. ಕಿಂಗ್ ಮಾಡುತ್ತಿದ್ದದ್ದು ಇದೇ. ಅವರ ನೆಂಟ ಬುಕ್ಕಾ ವೈಟ್ ತಂತಿಯ ಮೇಲೆ ಸ್ಲೈಡ್ (ಗಾಜಿನ ಅಥವಾ ಲೋಹದ ತುಂಡು) ಜಾರಿಸಿ ತೆಗೆಯುತ್ತಿದ್ದ ನಾದ ಇವರಿಗೆ ಬೇಕಿತ್ತು. ಸ್ಲೈಡ್ ಕೈಗೆ ಹತ್ತಲಿಲ್ಲ. ಬೆರಳನ್ನೇ ನಡುಗಿಸಿ ಅದರ ಹತ್ತಿರ ಬರಲು ಹೋದರು, ಆ ನಡುಕವೇ ಅವರ ಗುರುತಾಯಿತು. ನನ್ನ ಶಿಷ್ಯರಿಗೆ ವೇಗದ ಪಾಠ ಆರು ತಿಂಗಳಲ್ಲಿ ಬರುತ್ತೆ. ಈ ಒಂದು ಸ್ವರ ನನಗೇ ಇನ್ನೂ ಬಂದಿಲ್ಲ. ಕಾರ್ಡ್ ನುಡಿಸೋಕೆ ನನಗೆ ಬರಲ್ಲ ಅಂತ ಅವರೇ ಹೇಳಿಕೊಳ್ಳುತ್ತಿದ್ದರು. ಕಾರ್ಡಿಗೆ ಅಂಕ ಹಾಕುವ ಪಟ್ಟಿಯಾದರೆ ಪಾಪ, ಅವರು ಫೇಲ್.

ಪ್ರಶ್ನೆ: ಪಟ್ಟಿಗಳಲ್ಲಿ ಹೆಂಗಸರು ಯಾಕಿಲ್ಲ ಸರ್? ನಮ್ಮಲ್ಲಿ ಯಾರೂ ಅಷ್ಟು ಚೆನ್ನಾಗಿ ನುಡಿಸಲಿಲ್ಲವಾ?

ಈ ಪ್ರಶ್ನೆಗೆ ನನಗೆ ನಾಚಿಕೆಯಾಗುತ್ತೆ, ನನ್ನ ಮುಚ್ಚಳದ ಹತ್ತರಲ್ಲೂ ಒಬ್ಬರಿರಲಿಲ್ಲ. ರೋಲಿಂಗ್ ಸ್ಟೋನಿನ 2003ರ ಪಟ್ಟಿಯ ನೂರು ಹೆಸರಲ್ಲಿ ಇದ್ದವರು ಇಬ್ಬರೇ: ಜೋನಿ ಮಿಚೆಲ್, ಜೋನ್ ಜೆಟ್. ಸಿಸ್ಟರ್ ರೊಸೆಟ್ಟಾ ಥಾರ್ಪ್ ಅನ್ನುವ ಗಾಯಕಿ, ಗಿಟಾರ್ ವಾದಕಿಯ ಹೆಸರು ಆಗ ಇಲ್ಲ, 2011ರಲ್ಲೂ ಇಲ್ಲ. 2023ರಲ್ಲಿ ನೇರವಾಗಿ 6ನೇ ಜಾಗ. ಅವರು ತೀರಿಕೊಂಡಿದ್ದು 1973ರಲ್ಲಿ. ಅಂದರೆ ಐವತ್ತು ವರ್ಷ ಅವರು ಅಲ್ಲೇ ಇದ್ದರು, ನಾವೇ ಕಿವಿ ಕೊಡಲಿಲ್ಲ.

1964ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ, ರೈಲು ನಿಲ್ಲಿಸದ ಒಂದು ಹಳೇ ಸ್ಟೇಷನ್ನಿನಲ್ಲಿ, ಟಿವಿಗಾಗಿ ಅವರು ನುಡಿಸಿದ ಚಿತ್ರಣ ಇದೆ. ಜನ ಒಂದು ಪ್ಲಾಟ್‌ಫಾರಂ ಮೇಲೆ, ಅವರು ಎದುರಿನ ಪ್ಲಾಟ್‌ಫಾರಂ ಮೇಲೆ, ನಡುವೆ ಹಳಿ. ಮಳೆ ಬಂದು ಹೋದ ನೆಲ. ಕುದುರೆ ಗಾಡಿಯಿಂದ ಕೋಟು ಹಾಕಿಕೊಂಡು ಇಳಿಯುತ್ತಾರೆ, ಬಿಳೀ ಎಲೆಕ್ಟ್ರಿಕ್ ಗಿಟಾರ್ ನೇತು ಹಾಕಿಕೊಳ್ಳುತ್ತಾರೆ, ಮಳೆಯದೇ ಹಾಡು ಎತ್ತಿಕೊಳ್ಳುತ್ತಾರೆ. ಸೋಲೋ ಬಂದಾಗ ಮುಖ ನೋಡಬೇಕು. ಕಷ್ಟಪಡುತ್ತಿರುವ ಒಂದು ಗೆರೆಯೂ ಇಲ್ಲ. ಅದನ್ನು ಮೊದಲ ಸಲ ನೋಡಿದ ದಿನ ನಾನು ಪೆಟ್ಟಿಗೆ ತೆರೆದು ಮುಚ್ಚಳದ ಮೇಲೆ ಇನ್ನೊಂದು ಗೆರೆ ಎಳೆದೆ.

ಪ್ರಶ್ನೆ: ನನ್ನ ಬೆರಳು ಗಿಡ್ಡ. ದೊಡ್ಡ ವಾದಕರಿಗೆಲ್ಲ ಉದ್ದ ಬೆರಳಂತೆ. ಗಿಟಾರ್ ಬಿಡಲಾ?

ಬಿಡಬೇಡಿ. ಜ್ಯಾಜ್ ಗಿಟಾರ್ ವಾದಕ ಜ್ಯಾಂಗೋ ರೈನ್‌ಹಾರ್ಟ್ ಅವರಿಗೆ 1928ರಲ್ಲಿ ಬೆಂಕಿಗೆ ಸಿಕ್ಕಿ ಎಡಗೈಯ ಎರಡು ಬೆರಳು ಸೊಟ್ಟಗಾದವು. ಸೋಲೋಗಳನ್ನೆಲ್ಲ ಉಳಿದೆರಡು ಬೆರಳಲ್ಲಿ ನುಡಿಸಿದರು. ಬ್ಲ್ಯಾಕ್ ಸ್ಯಾಬತ್ ಬ್ಯಾಂಡಿನ ಟೋನಿ ಅಯೋಮಿಗೆ ಹದಿನೇಳನೇ ವಯಸ್ಸಿನಲ್ಲಿ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿ ಎರಡು ಬೆರಳ ತುದಿ ಹೋಯಿತು. ಮೂಲೆ ಸೇರಿ ಕೂತಿದ್ದಾಗ ಕಾರ್ಖಾನೆಯ ಮೇಲ್ವಿಚಾರಕರು ಕೇಳಿಸಿದ್ದು ಇದೇ ಜ್ಯಾಂಗೋ ರೆಕಾರ್ಡು. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿಕೊಂಡು, ಮೇಲೆ ಚರ್ಮ ಅಂಟಿಸಿಕೊಂಡರು. ನಿಮಗೆ ಹತ್ತೂ ಬೆರಳಿವೆ, ತುದಿಯೂ ಇದೆ. ದಿನಕ್ಕೆ ಇಪ್ಪತ್ತು ನಿಮಿಷ ಕೂತು ನುಡಿಸಿ, ಮೂರು ತಿಂಗಳ ಮೇಲೆ ಬರೆಯಿರಿ.

ಪ್ರಶ್ನೆ: ಸುತ್ತಿ ಬಳಸಿ ಮಾತು ಬೇಡ. ಈಗ ನಿಮ್ಮ ಮುಚ್ಚಳದ ಮೇಲೆ ಯಾರ್ಯಾರಿದ್ದಾರೆ?

ಹೆಂಡ್ರಿಕ್ಸ್, ಥಾರ್ಪ್, ಬಿ.ಬಿ. ಕಿಂಗ್, ಜ್ಯಾಂಗೋ, ಪಾಕೊ ದೆ ಲುಸಿಯಾ, ಜೆಫ್ ಬೆಕ್, ವೆಸ್ ಮಾಂಟ್‌ಗೊಮರಿ, ಜೋನಿ ಮಿಚೆಲ್, ಎಡ್ಡಿ. ಹತ್ತನೇ ಜಾಗ ಖಾಲಿ ಇದೆ, ಹೆಸರು ಕಳಿಸಿ. ಕ್ಲಾಪ್ಟನ್ ಮಾತ್ರ ಬೇಡ. ಆ ಗೆಳೆಯ ಈ ಅಂಕಣ ಓದುತ್ತಾನೆ.