ಪ್ರಾಣಿಗಳ ಪರವಾಗಿ ಆಕ್ಷೇಪಣೆ ಬರೆದರೆ ಸರ್ಕಾರದಲ್ಲಿ ಯಾರಾದರೂ ಓದುತ್ತಾರಾ?

ದಾವಣಗೆರೆಯಲ್ಲಿ ಬೀದಿನಾಯಿಗಳಿಗೆ ಊಟ ಹಾಕುತ್ತೀರಿ, ಕರಡು ನಿಯಮಕ್ಕೆ ಸರ್ಕಾರ ‘ಸಲಹೆ, ಆಕ್ಷೇಪಣೆ’ ಕರೆದಾಗ ನಿಮ್ಮಂಥವರು ಬರೆದರೆ ಲೆಕ್ಕಕ್ಕೆ ಬರುತ್ತಾ ಅಂತ ಕೇಳಿದ್ದೀರಿ. ಬರುತ್ತೆ. ಆದರೆ ಏನು ಬರೆದಿದ್ದೀರಿ ಅನ್ನೋದರ ಮೇಲಿದೆ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಕೇಂದ್ರ ನಿಯಮ ಮಾಡುವ ಮುಂಚೆ ಕರಡು ಪ್ರಕಟಿಸಲೇಬೇಕು, ಬಂದ ಆಕ್ಷೇಪಣೆಗಳನ್ನು ಪರಿಶೀಲಿಸಲೇಬೇಕು. ಬೀದಿನಾಯಿಗಳ ಸಂತಾನ ನಿಯಂತ್ರಣದ 2023ರ ನಿಯಮ ಹಾಗೇ ಬಂದದ್ದು. ಮೊಟ್ಟೆ ಕೋಳಿಗಳದ್ದೂ ಅಷ್ಟೇ. ಕರಡು 2019ರಲ್ಲಿ ಬಂತು, ನಿಯಮ ಆಗಿದ್ದು 2023ರಲ್ಲಿ. ಒಂದು ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಅಂತ ಅದರಲ್ಲಿದೆ. ಜೆರಾಕ್ಸ್ ಅಂಗಡಿಯ ಎ4 ಹಾಳೆಗಿಂತ ಕಡಿಮೆ! ನನಗೆ ಈಗಲೂ ಸಮಾಧಾನ ಇಲ್ಲ. ಆದರೂ ಟೇಪ್ ಹಿಡಿದು ಕೇಳೋಕೆ ಒಂದು ಅಳತೆಯಾದರೂ ಸಿಕ್ಕಿತು.

ವಾಟ್ಸಾಪ್‌ನಲ್ಲಿ ಬಂದ ಪತ್ರವನ್ನೇ ಹೆಸರು ಬದಲಿಸಿ ಕಳಿಸಬೇಡಿ. ಮೂಕ ಪ್ರಾಣಿಗಳಿಗೆ ಕರುಣೆ ತೋರಿ ಅಂತ ಎರಡು ಪುಟ ಬರೆದರೆ ಅಧಿಕಾರಿ ಅದನ್ನು ಇಟ್ಟುಕೊಂಡು ಏನು ಮಾಡಬೇಕು ಹೇಳಿ? ನಿಯಮದ ನಂಬರ್ ಹಿಡಿದು ಬರೆಯಿರಿ. ಉದಾಹರಣೆಗೆ, ಸಂತಾನಹರಣ ಆಪರೇಷನ್ ಆದ ನಾಯಿಯನ್ನು ಹಿಡಿದ ಜಾಗದಲ್ಲೇ ಬಿಡಬೇಕು ಅಂತ ನಿಯಮ ಇದೆ. ನಿಮ್ಮ ಬೀದಿಯಿಂದ ಹೋದ ನಾಯಿ, ಆಪರೇಷನ್ ಆದ ಗುರುತಿಗೆ ಕಿವಿ ಕತ್ತರಿಸಿಕೊಂಡು, ಬೇರೆ ಬಡಾವಣೆಯಲ್ಲಿ ಸಿಕ್ಕಿದ್ದರೆ ಅದನ್ನೇ ಬರೆಯಿರಿ, ಫೋಟೋ ಇಡಿ. ಆಮೇಲೆ ‘ಹಿಡಿದ ಜಾಗ, ಬಿಟ್ಟ ಜಾಗ ಎರಡರ ಫೋಟೋ ದಾಖಲೆಯಲ್ಲಿ ಇರಬೇಕು’ ಅಂತ ಸೇರಿಸಬೇಕಾದ ವಾಕ್ಯವನ್ನೂ ನೀವೇ ಬರೆದುಕೊಡಿ. ಕನ್ನಡದಲ್ಲೇ ಬರೆಯಿರಿ, ದೆಹಲಿಗೆ ಹೋಗೋದಾದರೆ ಜೊತೆಗೆ ಒಂದು ಇಂಗ್ಲಿಷ್ ಪ್ರತಿ ಇರಲಿ.

ನಮ್ಮ ಚಿತ್ರದುರ್ಗದ ಕಡೆ ಇನ್ನೊಂದು ದಾರಿಯೂ ಇದೆ, ಗಣಿಗಳ ಸಾರ್ವಜನಿಕ ಆಲಿಕೆ ಸಭೆ, ಅಂದರೆ ಗಣಿಗೆ ಪರಿಸರ ಅನುಮತಿ ಕೊಡುವ ಮುಂಚೆ ಜನರ ಮಾತು ಕೇಳುವ ಸಭೆ. 2006ರ ಪರಿಸರ ಅಧಿಸೂಚನೆ ಪ್ರಕಾರ ಕನಿಷ್ಠ 30 ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ನಾನು ಹೋಗಿದ್ದ ಸಭೆಯಲ್ಲಿ ಧೂಳು, ಲಾರಿ, ಕೆಲಸ ಇವುಗಳದ್ದೇ ಮಾತು. ನ್ಯಾಯವಾದ ಮಾತೇ. ಕೊನೆಗೆ ಒಬ್ಬ ಕುರಿಗಾಹಿ ಅಜ್ಜ ಎದ್ದು, ಬೇಸಿಗೆಯಲ್ಲಿ ಕೊಂಡುಕುರಿ (ನಾಲ್ಕು ಕೊಂಬಿನ ಕಾಡುಪ್ರಾಣಿ, ಜಿಂಕೆಯಂಥದ್ದು) ಯಾವ ಹಳ್ಳಕ್ಕೆ, ಎಷ್ಟು ಹೊತ್ತಿಗೆ ನೀರಿಗೆ ಬರುತ್ತೆ, ಯಾವ ಬಂಡೆ ಸಂದಿಯಲ್ಲಿ ಮರಿ ಮಲಗಿಸುತ್ತೆ ಅಂತ ಹೇಳಿದರು. ಕಂಪನಿಯ ವರದಿಯಲ್ಲಿ ಆ ಹಳ್ಳದ ಹೆಸರೇ ಇರಲಿಲ್ಲ. ನಾವು ಓದಿಕೊಂಡು ಹೋದವರು ಯಾರೂ ಅಷ್ಟು ಗಟ್ಟಿಯಾಗಿ ಮಾತಾಡಲಿಲ್ಲ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಅಭಯಾರಣ್ಯ ಇದೆ, ಸುತ್ತ ಇಂಥ ಹಿರಿಯರು ಸಿಗುತ್ತಾರೆ. ಹೋಗುವಾಗ ಅವರನ್ನೂ ಕರೆದುಕೊಂಡು ಹೋಗಿ.

ಸಭೆ ಮುಗಿಯುವಾಗ ನಡಾವಳಿಯನ್ನು ಕನ್ನಡದಲ್ಲಿ ಓದಿ ಹೇಳಬೇಕು, ನಿಯಮವೇ ಹಾಗಿದೆ. ಊಟದ ಹೊತ್ತಾಯ್ತು ಅಂತ ಎದ್ದು ಬರಬೇಡಿ. ನೀವು ಹೇಳಿದ್ದು ಅದರಲ್ಲಿ ಬಿಟ್ಟುಹೋಗಿದ್ದರೆ ಅಲ್ಲೇ ನಿಂತು ಸೇರಿಸಿ ಅನ್ನಿ. ಲಿಖಿತ ಆಕ್ಷೇಪಣೆಗೆ ಎರಡು ಪ್ರತಿ ಇರಲಿ, ಒಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ. ಮುಂದೆ ಅದರ ಗತಿ ಏನಾಯ್ತು ಅಂತ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕುವಾಗ ಆ ಸೀಲೇ ಬೇಕಾಗುತ್ತೆ.