ಕೋಲಾರದ ಜಿಲ್ಲಾಸ್ಪತ್ರೆಗೆ ದಾಖಲಾಗಿರುವ ಅಣ್ಣ ವಿಪರೀತ ಕುಡೀತಾರೆ. ವಾರ್ಡಿನಲ್ಲೇ ಹತ್ತು ನಿಮಿಷ ಆಪ್ತಸಮಾಲೋಚನೆ ಮಾಡಿಸಿದರೆ ಪ್ರಯೋಜನ ಇದೆಯಾ?
ಇದೆ. ಕುಡಿತ ಎಷ್ಟು ಅಪಾಯದ ಮಟ್ಟದಲ್ಲಿದೆ ಎಂದು ಅಳೆಯಲು ‘ಆಡಿಟ್’ ಎಂಬ ಹತ್ತು ಪ್ರಶ್ನೆ ಕೇಳುತ್ತಾರೆ. ಅಂಕ 8 ಆದರೆ ಅಪಾಯದ ಕುಡಿತ, 20 ಮುಟ್ಟಿದರೆ ಬರೀ ಮಾತು ಸಾಲದು, ಮನೋವೈದ್ಯರೇ ನೋಡಬೇಕು. ‘ದಿನಾ ಒಂದೇ ಕ್ವಾರ್ಟರ್ ಸಾರ್’ ಅನ್ನುತ್ತಾರಲ್ಲ, ಆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಮದ್ಯಸಾರ ಇರುತ್ತದೆ. ಈ ಲೆಕ್ಕವನ್ನು ಅವರದೇ ಲಿವರ್ ರಿಪೋರ್ಟ್ ಪಕ್ಕದಲ್ಲಿಟ್ಟು, ‘ಏನು ಮಾಡೋಣ ಅಂತಿದ್ದೀರಿ?’ ಎಂದು ಕೇಳಿ ಸುಮ್ಮನಿರಬೇಕು. ಹೆಂಡತಿ ಮಕ್ಕಳೆದುರು ಬೈದರೆ ಕೆಟ್ಟಿತು. ಎಲ್ಲದಕ್ಕೂ ತಲೆಯಾಡಿಸಿಬಿಡುತ್ತಾರೆ, ಅಷ್ಟೇ.

ಇದಕ್ಕಿಂತ ಮುಖ್ಯ: ಕುಡಿತ ನಿಂತ ಮೊದಲ ಮೂರು ದಿನ ಕೈನಡುಕ, ಬೆವರು, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು. ತಕ್ಷಣ ನರ್ಸಿಗೆ ಹೇಳಿ, ದಿನಾ ಎಷ್ಟು ಕುಡಿಯುತ್ತಿದ್ದರು ಎಂಬುದನ್ನು ಮುಚ್ಚಿಡಬೇಡಿ. ಸಮಾಲೋಚನೆ ತಲೆ ತಿಳಿಯಾದ ಮೇಲೆ. ಡಿಸ್ಚಾರ್ಜ್ ಆದ ನಂತರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.